ಕಂಬ ನಿಂತದ್ದು ಕೆರೆಗಾಗಿ: ಶಿಕಾರಿಪುರ ಸೀಮೆಯಲ್ಲಿ ಊರುಗಳು ಹುಟ್ಟಿದ ಬಗೆ

ತಾಳಗುಂದದ ಕಂಬದ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಮಯೂರಶರ್ಮ ತನ್ನ ಅಜ್ಜ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆಯವನೊಡನೆ ಜಗಳವಾಯಿತು. ದರ್ಭೆ, ಸಮಿತ್ತು, ಸ್ರುಕ್ಕೆಂಬ ಹೋಮದ ಸೌಟು ಹಿಡಿದು ಪಳಗಿದ ಕೈ ಕತ್ತಿಯನ್ನು ಹಿರಿಯಿತು. ಕದಂಬರ ರಾಜ್ಯ ಹುಟ್ಟಿತು. ಈ ಕಥೆಗೆ ಇರುವ ಮುಖ್ಯ ಆಧಾರ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ನಿಂತಿರುವ ಎಂಟು ಮುಖದ ಕಲ್ಲಿನ ಕಂಬ.

ಆದರೆ ಆ ಕಂಬವನ್ನು ನಿಲ್ಲಿಸಿದ್ದು ಈ ಕಥೆ ಹೇಳುವುದಕ್ಕಲ್ಲ. ಪದ್ಯಗಳನ್ನು ಕೊನೆಯ ತನಕ ಓದಿದರೆ ನಿಜವಾದ ಕಾರಣ ಸಿಗುತ್ತದೆ. ಶಾತಕರ್ಣಿಯಂಥ ಹಿಂದಿನ ಅರಸರು ಪೂಜಿಸಿದ್ದ ಇಲ್ಲಿನ ಮಹಾದೇವನ ಗುಡಿಯ ಬಳಿ ಕದಂಬ ಕಾಕುಸ್ಥವರ್ಮ ದೊಡ್ಡದೊಂದು ಕೆರೆ ತೋಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದರ ನೆನಪಿಗೆ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ. ಇದೆಲ್ಲ ನಡೆದದ್ದು 5ನೆಯ ಶತಮಾನದಲ್ಲಿ. ಅಂದರೆ ಕನ್ನಡ ನಾಡಿನ ಮೊದಲ ದೊಡ್ಡ ಅರಸುಮನೆತನದ ವಂಶಾವಳಿ ನಮಗೆ ಸಿಕ್ಕಿರುವುದು ಒಂದು ಕೆರೆಯ ಶಾಸನದ ಪೀಠಿಕೆಯಾಗಿ.

ಈ ಒಂದು ಸಂಗತಿಯನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಇಡೀ ಶಿಕಾರಿಪುರ ಸೀಮೆ ಬೇರೆಯಾಗಿಯೇ ಕಾಣುತ್ತದೆ. ಇಲ್ಲಿ ನೂರಾರು ಶಾಸನಗಳಿವೆ, ಗುಡಿಗಳಿವೆ, ಬಸದಿಗಳಿವೆ, ಹೊಲದ ಬದುವಿನಲ್ಲಿ ಒರಗಿ ನಿಂತ ವೀರಗಲ್ಲುಗಳಿವೆ. ಇವನ್ನು ಅರಸರ ಹೆಸರಿನ ಸಾಲಿನಲ್ಲಿ ಜೋಡಿಸಲು ಹೊರಟರೆ ತಲೆ ಗಿರ್ರೆನ್ನುತ್ತದೆ: ಚುಟು, ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಕಳಚುರಿ, ಹೊಯ್ಸಳ, ಸೇವುಣ, ವಿಜಯನಗರ, ಕೆಳದಿ. ಅದರ ಬದಲು ಪ್ರತಿ ಸ್ಮಾರಕದ ಮುಂದೆ ನಿಂತು ಎರಡೇ ಪ್ರಶ್ನೆ ಕೇಳಿ. ಇದರ ಕೆರೆ ಯಾವುದು? ಇದರ ಭೂಮಿಯನ್ನು ಅಳೆದವರು ಯಾರು? ಊರು ಹೇಗೆ ಹುಟ್ಟಿತು ಎಂಬುದಕ್ಕೆ ಉತ್ತರ ಅಲ್ಲಿಂದ ಶುರುವಾಗುತ್ತದೆ.

ಮೊದಲು ನೆಲದ ಸ್ವಭಾವ ತಿಳಿಯಬೇಕು. ಶಿಕಾರಿಪುರ ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ, ಅರೆಮಲೆನಾಡು. ಪಶ್ಚಿಮದ ಕಡೆಯಿಂದ ಬರುವ ಮುಂಗಾರು ಪೂರ್ವಕ್ಕೆ ಸರಿದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಪಶ್ಚಿಮಕ್ಕೆ ವರದಾ, ಈ ತಾಲ್ಲೂಕಿನ ನಡುವೆ ಕುಮುದ್ವತಿ. ಎರಡೂ ಕೊನೆಗೆ ತುಂಗಭದ್ರೆಯನ್ನು ಸೇರುವ ನದಿಗಳು. ಮಳೆ ನಾಲ್ಕು ತಿಂಗಳು ಚೆನ್ನಾಗಿ ಬೀಳುತ್ತದೆ, ಉಳಿದ ಎಂಟು ತಿಂಗಳು ನೀರನ್ನು ಜೋಪಾನ ಮಾಡಬೇಕು. ದೊಡ್ಡ ನದಿಗೆ ಅಡ್ಡ ಕಟ್ಟುವ ಶಕ್ತಿ ಆಗ ಸಣ್ಣ ಊರಿಗಿರಲಿಲ್ಲ. ಆದರೆ ಎರಡು ತಗ್ಗು ದಿಬ್ಬಗಳ ನಡುವೆ ಹರಿಯುವ ಹಳ್ಳಕ್ಕೆ ಮಣ್ಣಿನ ಏರಿ ಹಾಕುವುದು ಊರಿನವರ ಕೈಗೆ ಎಟಕುವ ಕೆಲಸ. ಇಲ್ಲಿನ ನೆಲದ ಏರಿಳಿತ ಅಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಭತ್ತಕ್ಕೆ ನಿಂತ ನೀರು ಬೇಕು, ನಿಂತ ನೀರಿಗೆ ಕೆರೆ ಬೇಕು.

ಕೆರೆ ಎಂದರೆ ನೀರು ತುಂಬಿದ ಗುಂಡಿ ಎಂದುಕೊಂಡರೆ ಇಲ್ಲಿನ ಇತಿಹಾಸ ಅರ್ಥವಾಗುವುದಿಲ್ಲ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ಏರಿಯ ಬುಡದಲ್ಲಿ ತೂಬು. ಹಳೆಯ ತೂಬಿನ ಮೇಲೆ ಎರಡು ಕಲ್ಲುಕಂಬಗಳನ್ನು ನೆಟ್ಟು, ನಡುವೆ ತೂತಿರುವ ಅಡ್ಡಪಟ್ಟಿಗಳನ್ನು ಕೂರಿಸಿರುತ್ತಾರೆ. ಆ ತೂತುಗಳ ಮೂಲಕ ಇಳಿಬಿಟ್ಟ ಮರದ ಗಳುವನ್ನು ಎತ್ತಿದರೆ ಕೆಳಗಿನ ಬಿರಡೆ ಕಳಚಿ ನೀರು ಕಾಲುವೆಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಏರಿಯ ಒಂದು ತುದಿಯಲ್ಲಿ ಕೋಡಿ. ಕೆರೆ ತುಂಬಿ ತುಳುಕಿದಾಗ ಹೆಚ್ಚಿನ ನೀರು ಏರಿಯನ್ನು ಒಡೆಯದೆ ಅಲ್ಲಿಂದ ಹರಿದು ಮುಂದಿನ ಕೆರೆಯನ್ನು ಸೇರುತ್ತದೆ. ಕೆಳಗಿನ ಗದ್ದೆಗಳೆಲ್ಲ ಅಚ್ಚುಕಟ್ಟು. ಗಳು ಎತ್ತುವ ನೀರಗಂಟಿಗೆ, ಏರಿಗೆ ಮಣ್ಣು ಹೊರುವವರಿಗೆ, ಕೆರೆ ಕಟ್ಟಿಸಿದವರಿಗೆ ಆ ಅಚ್ಚುಕಟ್ಟಿನಲ್ಲೇ ಪಾಲು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳು ಇಂಥ ಪಾಲುಗಳಿಗೇ ಸಂಬಂಧಿಸಿದವು. ಯಾರು ದುಡಿಯಬೇಕು, ಯಾರಿಗೆ ಎಷ್ಟು ನೀರು, ಯಾರ ಗದ್ದೆ ಎಲ್ಲಿಗೆ ಮುಗಿಯುತ್ತದೆ ಎಂಬ ಒಪ್ಪಂದ ಇಲ್ಲದೆ ಕೆರೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಆ ಒಪ್ಪಂದಕ್ಕೇ ಊರು ಎಂದು ಹೆಸರು.

ತಾಳಗುಂದಕ್ಕಿಂತ ಹಳೆಯ ಸಾಕ್ಷಿ ಬೇಕಾದರೆ ಇದೇ ತಾಲ್ಲೂಕಿನ ಮಳವಳ್ಳಿಗೆ ಹೋಗಬೇಕು. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ, ಇದು ಬೇರೆ. ಇಲ್ಲಿನ ಒಂದೇ ಕಂಬದ ಮೇಲೆ ಎರಡು ಅರಸುಮನೆತನಗಳ ಪ್ರಾಕೃತ ಶಾಸನಗಳಿವೆ. ನನ್ನ ಮಟ್ಟಿಗೆ ಊರು ಹುಟ್ಟುವ ಬಗೆಯನ್ನು ಇದರಷ್ಟು ಚೆನ್ನಾಗಿ ತೋರಿಸುವ ಕಲ್ಲು ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಮೊದಲನೆಯದು ವೈಜಯಂತಿಯ, ಅಂದರೆ ಬನವಾಸಿಯ, ಚುಟುಕುಲದ ಶಾತಕರ್ಣಿಯದು. ಸಹಲಾಟವಿ ಎಂಬ ಊರನ್ನು ದೇವರ ಸೇವೆಗೆಂದು ಒಬ್ಬ ಬ್ರಾಹ್ಮಣನಿಗೆ ದತ್ತಿ ಬಿಡುತ್ತಾನೆ. ಊರಿನ ಹೆಸರಿನಲ್ಲೇ ‘ಅಟವಿ’ ಇದೆ, ಕಾಡು. ಅರಸನ ಅಪ್ಪಣೆ ಹೊರಡುವುದು ಯಾರಿಗೆ ಗೊತ್ತೇ? ರಜ್ಜುಕನಿಗೆ. ರಜ್ಜು ಎಂದರೆ ಹಗ್ಗ. ಅಶೋಕನ ಶಾಸನಗಳಲ್ಲೂ ಬರುವ ಈ ಅಧಿಕಾರಿಯ ಹೆಸರಿನ ಮೂಲವೇ ನೆಲ ಅಳೆಯುವ ಹಗ್ಗ. ಸುಮಾರು 1,700 ವರ್ಷಗಳ ಹಿಂದೆ, ಈ ತಾಲ್ಲೂಕಿನ ಕಾಡಿನ ಅಂಚಿನಲ್ಲಿ, ಹಗ್ಗ ಹಿಡಿದ ಅಧಿಕಾರಿಯನ್ನು ಕಣ್ಣಿಗೆ ತಂದುಕೊಳ್ಳಿ. ಇಂದಿಗೂ ಸರ್ವೆಯವರು ಬಂದು ಸರಪಳಿ ಎಳೆದಾಗ ಊರಿಗೆ ಊರೇ ಬದುವಿನ ಮೇಲೆ ಬಂದು ನಿಲ್ಲುತ್ತದಲ್ಲ, ಆ ನೋಟ ಎಷ್ಟು ಹಳೆಯದು!

ಎರಡನೆಯ ಶಾಸನ ಅದೇ ಕಂಬದ ಮೇಲೆ ಕದಂಬರದು. ಹಿಂದೆ ಕೊಟ್ಟಿದ್ದ ದತ್ತಿ ನಿಂತುಹೋಗಿದೆ ಎಂದು ಕೇಳಿದ ಅರಸ, ಅದನ್ನು ಎರಡನೆಯ ಸಲ ಕೊಡುತ್ತಾನೆ, ಊರುಗಳ ಪಟ್ಟಿಯೊಂದಿಗೆ. ಪಟ್ಟಿಯಲ್ಲಿ ಸಹಲಾ ಇದೆ, ಸೋಮಪಟ್ಟಿ ಇದೆ, ವೇಗೂರ ಇದೆ. ಭಾಷೆ ಪ್ರಾಕೃತವಾದರೂ ‘ಊರು’ ಎಂಬ ನಮ್ಮ ಪದ ಒಳಗಿನಿಂದ ಇಣುಕುತ್ತದೆ. ಪರಮುಚ್ಚುಂಡಿ, ಕುಂದಮುಚ್ಚುಂಡಿ ಎಂದು ಒಂದೇ ಹೆಸರಿನ ಎರಡು ಊರುಗಳೂ ಇವೆ. ಇದೇ ತಾಲ್ಲೂಕಿನ ಹಿರೇಜಂಬೂರು, ಚಿಕ್ಕಜಂಬೂರುಗಳನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ. ತಾಯಿ ಊರು ತುಂಬಿದಾಗ ನಾಲ್ಕು ಮನೆ ಆಚೆಗೆ ಹೋಗಿ ಹೊಸ ಗದ್ದೆ ಬಿಡಿಸಿಕೊಳ್ಳುತ್ತವೆ, ಹೆಸರನ್ನು ಮಾತ್ರ ಜೊತೆಗೆ ಒಯ್ಯುತ್ತವೆ.

ಊರು ಒಮ್ಮೆ ಹುಟ್ಟಿದರೆ ಹಾಗೇ ಉಳಿಯುತ್ತದೆ ಎಂಬ ಭ್ರಮೆಯನ್ನೂ ಮಳವಳ್ಳಿಯ ಕಂಬ ಬಿಡಿಸುತ್ತದೆ. ಅರಸೊತ್ತಿಗೆ ಬದಲಾದಾಗ, ಏರಿ ಒಡೆದಾಗ, ಜ್ವರ ಬಡಿದಾಗ ಜನ ಬಿಟ್ಟು ಹೋಗುತ್ತಾರೆ. ಕಾಡು ಮತ್ತೆ ಬರುತ್ತದೆ. ನಮ್ಮ ಕಂದಾಯ ದಾಖಲೆಗಳಲ್ಲಿ ಇಂದಿಗೂ ‘ಬೇಚರಾಕ್ ಗ್ರಾಮ’ ಎಂಬ ಮಾತಿದೆ, ದೀಪ ಹಚ್ಚುವವರಿಲ್ಲದ ಊರು. ನಕಾಶೆಯಲ್ಲಿ ಗಡಿ ಇರುತ್ತದೆ, ಮನೆ ಇರುವುದಿಲ್ಲ. ಕದಂಬ ಅರಸ ಎರಡನೆಯ ಸಲ ಕೊಟ್ಟ ದತ್ತಿ, ಹಾಗೆ ಮಂಕಾಗುತ್ತಿದ್ದ ದೀಪಕ್ಕೆ ಮತ್ತೆ ಎಣ್ಣೆ ಹೊಯ್ದಂತೆ.

ಇನ್ನು ತಾಳಗುಂದಕ್ಕೆ ಮರಳೋಣ. ಹಳೆಯ ಹೆಸರು ಸ್ಥಾನಕುಂದೂರು. ಕಂಬದ ಮೇಲಿನ ಸಾಲುಗಳು ನಾವು ಪುಸ್ತಕದಲ್ಲಿ ಓದುವಂತೆ ಅಡ್ಡಕ್ಕಿಲ್ಲ. ಕಂಬದ ಉದ್ದಕ್ಕೆ, ಬುಡದಿಂದ ಮೇಲಕ್ಕೆ ಏರುತ್ತವೆ. ಓದುವವರು ಕತ್ತನ್ನು ಓರೆ ಮಾಡಿ, ಕಂಬವನ್ನು ಸುತ್ತುತ್ತಾ ಹೋಗಬೇಕು. ತಲೆಗೆ ಪೆಟ್ಟಿಗೆ ಇಟ್ಟಂತಿರುವ ಆ ಅಕ್ಷರಗಳು ಕನ್ನಡ ಲಿಪಿಯ ಹಿರಿಯರು. ಭಾಷೆ ಸಂಸ್ಕೃತ, ಮೊದಲ ಪದ್ಯ ಸ್ಥಾಣುವಿಗೆ, ಶಿವನಿಗೆ. ಮನೆಯ ಬಳಿ ಬೆಳೆದ ಕದಂಬ ಮರವನ್ನು ಅಕ್ಕರೆಯಿಂದ ನೋಡಿಕೊಂಡ ಕುಟುಂಬಕ್ಕೆ ಆ ಮರದ ಹೆಸರೇ ಬಂತು ಎಂದು ಕುಬ್ಜ ಬರೆಯುತ್ತಾನೆ. ನನಗೆ ಇದು ಕತ್ತಿಯ ಕಥೆಗಿಂತ ಹೆಚ್ಚು ಇಷ್ಟ. ಈ ಮನೆತನ ತನ್ನ ಹೆಸರನ್ನು ಸೂರ್ಯನಿಂದಲೋ ಚಂದ್ರನಿಂದಲೋ ಪಡೆಯದೆ ಹಿತ್ತಿಲ ಮರದಿಂದ ಪಡೆಯಿತು.

ಇದೇ ಊರಿನ ಮುಂದಿನ ಕಾಲದ ಶಾಸನವೊಂದು ಬೇರೆ ಕಥೆ ಹೇಳುತ್ತದೆ: ಮುಕ್ಕಣ್ಣ ಕದಂಬನೆಂಬವನು ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಇಲ್ಲಿ ಅಗ್ರಹಾರ ಮಾಡಿದನಂತೆ. ಹಳೆಯ ಕಂಬದಲ್ಲಿ ಮುಕ್ಕಣ್ಣನೂ ಇಲ್ಲ, ಅಹಿಚ್ಛತ್ರವೂ ಇಲ್ಲ. ಆದ್ದರಿಂದ ಇದನ್ನು ನಡೆದ ಘಟನೆ ಎನ್ನುವುದಕ್ಕಿಂತ, ನೂರಾರು ವರ್ಷಗಳ ನಂತರ ಊರಿನವರು ತಮ್ಮ ಹಕ್ಕಿಗೆ ಕಟ್ಟಿಕೊಂಡ ಬೇರು ಎನ್ನುವುದು ಸರಿ. ‘ನಾವು ಬಂದವರು, ಕರೆಸಿಕೊಂಡವರು, ನೆಲ ಪಡೆದವರು’ ಎಂಬುದಕ್ಕೆ ಆಗಿನ ಕಾಲದಲ್ಲಿ ತುಂಬ ಬೆಲೆಯಿತ್ತು. ಅಗ್ರಹಾರ ಎಂದರೆ ಓದು ಬರಹ ಬಲ್ಲವರಿಗೆ ಕೊಟ್ಟ ಊರು. 12ನೆಯ ಶತಮಾನದ ತಾಳಗುಂದ ಶಾಸನವೊಂದರಲ್ಲಿ ವೇದ ಹೇಳಿಕೊಡುವವರ ಜೊತೆಗೆ ಕನ್ನಡ ಅಕ್ಷರ ಕಲಿಸುವವನಿಗೂ ದತ್ತಿಯಲ್ಲಿ ಪಾಲಿದೆ. ಕನ್ನಡ ಮೇಷ್ಟರ ಸಂಬಳಕ್ಕೆ ಕಲ್ಲಿನಲ್ಲಿ ಕೊರೆದ ದಾಖಲೆ!

ಗುಡಿಯ ಅಂಗಳದಲ್ಲಿ ಪುರಾತತ್ತ್ವ ಇಲಾಖೆ 2013ರ ಸುಮಾರಿಗೆ ಅಗೆದಾಗ ಸಿಂಹದ ಆಕಾರದ ಮೆಟ್ಟಿಲ ಪಕ್ಕಗಲ್ಲು, ಅಂದರೆ ಸಿಂಹಕಟಾಂಜನ, ಅಕ್ಷರಸಹಿತ ಸಿಕ್ಕಿತು. ಅದರಲ್ಲಿ ಕನ್ನಡ ಪದಗಳಿವೆ. ಇಲಾಖೆಯವರು ಅದರ ಕಾಲವನ್ನು ಸುಮಾರು ಕ್ರಿ.ಶ. 370 ಎಂದು ಹೇಳಿ, ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನಕ್ಕಿಂತ ಹಿಂದಿನದು ಎಂದರು. ಎಲ್ಲ ವಿದ್ವಾಂಸರೂ ಈ ಕಾಲವನ್ನು ಒಪ್ಪಿಲ್ಲ. ಊರಿನ ಕಥೆಗೆ ಮುಖ್ಯವಾದದ್ದು ಬೇರೆ: ಮಳವಳ್ಳಿಯ ಪ್ರಾಕೃತ, ಕಂಬದ ಸಂಸ್ಕೃತ, ಸಿಂಹದ ಕನ್ನಡ, ಮೂರೂ ಕೆಲವೇ ತಲೆಮಾರುಗಳ ಒಳಗೆ, ಒಂದು ದಿನದ ನಡಿಗೆಯ ದೂರದಲ್ಲಿ ಬರುತ್ತವೆ. ಅರಸನ ಅಪ್ಪಣೆಯ ಭಾಷೆ ಮೆಲ್ಲಗೆ ಗದ್ದೆಯಲ್ಲಿ ದುಡಿಯುವವರ ಭಾಷೆಯ ಕಡೆಗೆ ಬಾಗಿತು.

ಇಲ್ಲಿಂದ ಮುಂದೆ ಶಾಸನ ಓದುವವರಿಗೆ ಒಂದು ತೊಡಕು ಎದುರಾಗುತ್ತದೆ, ಊರುನಾಡುಗಳ ಹೆಸರಿನ ಮುಂದಿನ ಅಂಕಿಗಳು. ಬನವಾಸಿ 12000, ನಾಗರಖಂಡ 70, ಜಿಡ್ಡುಳಿಗೆ 70. ಎಪ್ಪತ್ತು ಎಂದರೆ ಎಪ್ಪತ್ತು ಹಳ್ಳಿ ಎಂದು ತಿಳಿಯಬಹುದು. ನಾಗರಖಂಡದಂಥ ಸಣ್ಣ ನಾಡಿಗೆ ಅದು ಹೊಂದುತ್ತದೆ ಕೂಡ. ಬನವಾಸಿಯ ಹನ್ನೆರಡು ಸಾವಿರ ಮಾತ್ರ ಹಳ್ಳಿಗಳ ಲೆಕ್ಕವಾಗಿರಲಾರದು. ಹುಟ್ಟುವಳಿಯ ಲೆಕ್ಕ ಎನ್ನುವವರಿದ್ದಾರೆ, ರೂಢಿಯಿಂದ ಬಂದ ಅಂಕಿ ಎನ್ನುವವರಿದ್ದಾರೆ. ಓದುವಾಗ ಇಷ್ಟು ನೆನಪಿದ್ದರೆ ಸಾಕು: ದೊಡ್ಡ ಅಂಕಿ ದೊಡ್ಡ ಪ್ರಾಂತ್ಯ, ಸಣ್ಣ ಅಂಕಿ ಅದರೊಳಗಿನ ಕಂಪಣ, ಇಂದಿನ ಜಿಲ್ಲೆ ಮತ್ತು ಹೋಬಳಿಯ ಹಾಗೆ.

ಈ ಬನವಾಸಿ 12000ಕ್ಕೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ರಾಜಧಾನಿಯಾಗಿದ್ದು ಬಳ್ಳಿಗಾವೆ. ಶಿರಾಳಕೊಪ್ಪದಿಂದ ಎರಡು ಮೂರು ಕಿಲೋಮೀಟರ್. ಇಂದು ಮೆಕ್ಕೆಜೋಳ ಒಣಹಾಕಿರುವ ಸಾಧಾರಣ ಹಳ್ಳಿ. ಆಗ ಇಲ್ಲಿ ಮೂರು ಪುರ, ಏಳು ಬ್ರಹ್ಮಪುರಿ (ಬ್ರಾಹ್ಮಣರ ಕೇರಿ), ಐದು ಮಠಗಳಿದ್ದವು ಎಂದು ಶಾಸನಗಳು ಹೇಳುತ್ತವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಐವರಿಗೂ ಒಂದೇ ಊರಿನಲ್ಲಿ ಜಾಗ. ಬೌದ್ಧ ವಿಹಾರವನ್ನು 1065ರಲ್ಲಿ ಕಟ್ಟಿಸಿದವನು ದಂಡನಾಯಕ ರೂಪಭಟ್ಟಯ್ಯ. ಅದು ತಾರಾ ಭಗವತಿಯ ವಿಹಾರ. ದಕ್ಷಿಣದಲ್ಲಿ ಬೌದ್ಧ ಧರ್ಮ ಸೊರಗಿದ್ದ 11ನೆಯ ಶತಮಾನದಲ್ಲಿ ಇಲ್ಲಿ ಹೊಸ ವಿಹಾರ ಎದ್ದಿತು ಎಂಬುದು ಸಣ್ಣ ವಿಷಯವಲ್ಲ. ಅಲ್ಲಮಪ್ರಭು ಇದೇ ಊರಿನವನು ಎಂಬುದು ನಂಬಿಕೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. ಇಷ್ಟು ಮತಗಳು ಒಟ್ಟಿಗೆ ವಾದ ಮಾಡುತ್ತಿದ್ದ ಸೀಮೆಯಲ್ಲಿ ಅಲ್ಲಮನಂಥ ಮಾತುಗಾರ ಹುಟ್ಟಿದ್ದು ಅಚ್ಚರಿಯೇನಲ್ಲ.

ಬಳ್ಳಿಗಾವೆಯ ಕೇದಾರೇಶ್ವರ ಗುಡಿಗೆ ಹೋದವರು ಮೂರು ಗರ್ಭಗುಡಿಗಳನ್ನೂ, ಶಿಖರದ ಮುಂದೆ ಸಿಂಹದೊಡನೆ ಹೋರಾಡುವ ಸಳನನ್ನೂ ನೋಡಿ ಮರಳುತ್ತಾರೆ. ಸ್ವಲ್ಪ ಹೊತ್ತು ಹೊರಗೆ ಕೆರೆಯ ಕಡೆ ನಿಲ್ಲಬೇಕು. ಈ ಗುಡಿಗೆ ಸೇರಿದ್ದ, ಕಾಳಾಮುಖರೆಂಬ ಶೈವ ಪಂಥದ ಯತಿಗಳ ಪ್ರಸಿದ್ಧ ಮಠದ ಹೆಸರೇ ಕೋಡಿಯಮಠ. ತಾವರೆಗೆರೆಯ ಕೋಡಿಯಲ್ಲಿದ್ದುದರಿಂದ ಆ ಹೆಸರು. ಇದನ್ನು ತಿಳಿದ ದಿನ ನನಗೆ ಆದ ಸಂತೋಷ ಇನ್ನೂ ಮಾಸಿಲ್ಲ. ಅರಸರು ತಲೆಬಾಗುತ್ತಿದ್ದ, ನಾಡಿನ ಮೂಲೆಮೂಲೆಯ ವಿದ್ವಾಂಸರು ಬಂದು ಸೇರುತ್ತಿದ್ದ ಮಠ ತನ್ನ ವಿಳಾಸವನ್ನು ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗದ ಹೆಸರಿನಲ್ಲಿ ಹೇಳಿಕೊಂಡಿತು.

ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಆ ಮಠದ ಒಳಗನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ಪಾಣಿನಿಯ ವ್ಯಾಕರಣ ಮಾತ್ರವಲ್ಲ, ಕೌಮಾರ, ಶಾಕಟಾಯನ ವ್ಯಾಕರಣಗಳನ್ನೂ ಹೇಳಿಕೊಡುತ್ತಿದ್ದರು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯದ ಜೊತೆಗೆ ಬೌದ್ಧ ದರ್ಶನಕ್ಕೂ ವ್ಯಾಖ್ಯಾನ ಇತ್ತು, ಶೈವ ಮಠದಲ್ಲಿ! ದೀನರು, ಅನಾಥರು, ಕುರುಡರು, ಕಿವುಡರಿಗೆ ಅನ್ನ. ರೋಗಿಗಳಿಗೆ ಔಷಧ. ಹಾಡುವವರು, ಕುಣಿಯುವವರು, ಬಾರಿಸುವವರಿಗೆ ಆಸರೆ. ಹೆದರಿ ಬಂದವರಿಗೆ ಅಭಯ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟು ಜನರ ಊಟಕ್ಕೆ ಅಕ್ಕಿ ಎಲ್ಲಿಂದ? ದತ್ತಿ ಬಂದ ಊರುಗಳ ಗದ್ದೆಗಳಿಂದ. ಆ ಗದ್ದೆಗಳಿಗೆ ನೀರು? ಆ ಊರುಗಳ ಕೆರೆಗಳಿಂದ. ಕೋಡಿಯಮಠದ ಪಾಂಡಿತ್ಯದ ಹಿಂದೆ ಏರಿಗೆ ಮಣ್ಣು ಹೊತ್ತ, ಹೆಸರು ಉಳಿಯದ ಜನರ ಬೆನ್ನು ಇದೆ.

ಮತ್ತೆ ಅಳತೆಯ ವಿಷಯ. ಬಳ್ಳಿಗಾವೆಯಲ್ಲಿ ಬನವಾಸಿಯನ್ನಾಳುತ್ತಿದ್ದ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬವಿದೆ, ಗಂಡಭೇರುಂಡನದು. ಮನುಷ್ಯನ ಮೈ, ಎರಡು ಹಕ್ಕಿತಲೆ. ಇಂದು ನಮ್ಮ ಸರ್ಕಾರದ ಲಾಂಛನದಲ್ಲಿರುವ ಗಂಡಭೇರುಂಡದ ಹಳೆಯ ರೂಪಗಳಲ್ಲಿ ಇದೂ ಒಂದು. ಅದೇ ಕಾಲದ ದತ್ತಿಗಳಲ್ಲಿ ಗದ್ದೆಯನ್ನು ‘ಭೇರುಂಡ ಗಳೆ’ಯಿಂದ ಅಳೆದು ಇಷ್ಟು ಮತ್ತರು ಎಂದು ಬರೆದಿದ್ದಾರೆ. ಗಳೆ ಎಂದರೆ ಅಳತೆಗೋಲು, ಮತ್ತರು ಎಂದರೆ ಭೂಮಿಯ ಅಂದಿನ ಅಳತೆ. ಊರಿಗೊಂದು ಕೋಲಿದ್ದರೆ ಮೋಸಕ್ಕೆ ದಾರಿ, ಜಗಳಕ್ಕೆ ಕಾರಣ. ರಾಜಧಾನಿಯ ಹೆಸರಾಂತ ಬಿರುದಿನ ಗಳೆ ಎಂದರೆ ಎಲ್ಲರೂ ಒಪ್ಪಬೇಕಾದ ಅಳತೆ. ಮಳವಳ್ಳಿಯ ಹಗ್ಗ ಇಲ್ಲಿ ಗಳೆಯಾಗಿದೆ.

ಬಳ್ಳಿಗಾವೆಯ ಶಿಲ್ಪಿಗಳು ಹೊರನಾಡಿಗೂ ಹೋದರು. ಬೇಲೂರಿನ ಮದನಿಕೆಯರ ಕೆಳಗೆ ಸಹಿ ಹಾಕಿದ ದಾಸೋಜ, ಅವನ ಮಗ ಚಾವಣ ಈ ಊರಿನವರು. ಸಹಿಯಲ್ಲಿ ಬಳ್ಳಿಗಾವೆಯ ಹೆಸರನ್ನು ಬಿಟ್ಟಿಲ್ಲ. ತ್ರಿಪುರಾಂತಕೇಶ್ವರ ಗುಡಿಯ ತಳಪಟ್ಟಿಯಲ್ಲಿ ಪಂಚತಂತ್ರದ ಕಥೆಗಳನ್ನು ಹುಡುಕಿ ನೋಡಿ. ಮಕ್ಕಳನ್ನು ಕರೆದೊಯ್ದರೆ ಅವರೇ ಮೊದಲು ಗುರುತಿಸುತ್ತಾರೆ.

ಗುಡಿಗಳು ಅನುಕೂಲಸ್ಥರ ಗುರುತು. ಉಳಿದವರ ಗುರುತು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿ ಒಯ್ಯುವ ವೀರ, ಮೇಲೆ ಶಿವಸನ್ನಿಧಿ. ಬರೆಹ ಓದಿದರೆ ತುರುಗೊಳ್, ಪೆಣ್ಬುಯ್ಯಲ್, ಊರಳಿವು: ದನ ಹೊಡೆದುಕೊಂಡು ಹೋದರು, ಹೆಣ್ಣುಮಕ್ಕಳ ಗೋಳು ಎದ್ದಿತು, ಊರು ಹಾಳಾಯಿತು, ತಡೆಯಲು ಹೋದವನು ಸತ್ತ. ಹೊಸ ಊರು ಎಂದರೆ ಕೊಟ್ಟಿಗೆ ತುಂಬ ದನ, ಸುತ್ತ ಕಾಡು, ಕಾವಲಿಗೆ ನಾಲ್ಕು ಜನ. ಎಲ್ಲೆಲ್ಲಿ ವೀರಗಲ್ಲು ಗುಂಪಾಗಿ ನಿಂತಿವೆಯೋ ಅಲ್ಲೆಲ್ಲ ಒಂದು ಕಾಲಕ್ಕೆ ಕಳೆದುಕೊಳ್ಳಲು ಬೆಲೆಬಾಳುವ ಏನೋ ಇತ್ತು ಎಂದು ತಿಳಿಯಬೇಕು.

ಹೆಣ್ಣುಮಕ್ಕಳು ಇಲ್ಲಿನ ಕಲ್ಲುಗಳಲ್ಲಿ ಗೋಳಿಡುವವರಾಗಿ ಮಾತ್ರ ಬರುವುದಿಲ್ಲ. ತಾಳಗುಂದದ ಗುಡಿಯ ಬಾಗಿಲುಪಟ್ಟಿಯ ಮೇಲೆ ಕದಂಬ ಮೃಗೇಶವರ್ಮನ ರಾಣಿ, ಕೈಕೇಯ ಕುಲದ ಪ್ರಭಾವತಿಯ ಹೆಸರಿದೆ. ಇದೇ ತಾಲ್ಲೂಕಿನ ಬಂದಳಿಕೆಯಲ್ಲಿ 10ನೆಯ ಶತಮಾನದ ಆರಂಭದ ಶಾಸನವಿದೆ, ರಾಷ್ಟ್ರಕೂಟರ ಕಾಲದ್ದು. ನಾಗರಖಂಡ 70ಕ್ಕೆ ನಾಳ್ಗಾವುಂಡನಾಗಿದ್ದ ನಾಗಾರ್ಜುನ ತೀರಿಕೊಂಡ ಮೇಲೆ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಎಪ್ಪತ್ತರ ನಾಡಿನ ಕಂದಾಯ, ವ್ಯಾಜ್ಯ, ನೀರಿನ ಹಂಚಿಕೆ ಎಲ್ಲ ಬಂದು ನಿಲ್ಲುವ ಹುದ್ದೆ ಅದು. ಹೆಣ್ಣಾದರೂ ಸಮರ್ಥಳಾಗಿ ನಡೆಸಿದಳು ಎಂದು ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಜವಾಬ್ದಾರಿಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು, ಅನ್ನನೀರು ಬಿಡುವ ಜೈನರ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಮಗನಿಗಲ್ಲ, ಮಗಳಿಗೆ ಒಪ್ಪಿಸಿದಳು.

ಮುಂದಿನದನ್ನು ಬೇಗ ಹೇಳಬಹುದು. ಹೊಯ್ಸಳರು ಮತ್ತು ಸೇವುಣರು ಈ ಸೀಮೆಗಾಗಿ ಕಾದಾಡಿದರು. ಅಧಿಕಾರದ ಕೇಂದ್ರ ಬೇರೆಡೆಗೆ ಸರಿದಂತೆ ಬಳ್ಳಿಗಾವೆ ಕುಗ್ಗುತ್ತಾ ಬಂದಿತು. ಈಗಿನ ತಾಲ್ಲೂಕು ಕೇಂದ್ರದ ಹಳೆಯ ಹೆಸರು ಮಳಿಯನಹಳ್ಳಿ, ಕೆಳದಿಯವರ ಕಾಲದಲ್ಲಿ ಮಹಾದಾನಪುರ, ಬೇಟೆ ಹೇರಳವಾಗಿದ್ದರಿಂದ ಹೈದರ್ ಅಥವಾ ಟಿಪ್ಪುವಿನ ಕಾಲದಲ್ಲಿ ಶಿಕಾರಿಪುರವಾಯಿತು ಎಂಬುದು ಗೆಜೆಟಿಯರ್ ಹೇಳುವ ಮಾತು. ಹೆಸರಿನಲ್ಲಿ ಮತ್ತೆ ಕಾಡು ಬಂದಿತು ಎಂಬುದನ್ನು ಗಮನಿಸಿ. 1942ರಲ್ಲಿ ಬ್ರಿಟಿಷರ ವಿರುದ್ಧ ಎದ್ದುನಿಂತು ತಾನು ಸ್ವತಂತ್ರವೆಂದು ಸಾರಿದ ಈಸೂರು ಕೂಡ ಇದೇ ತಾಲ್ಲೂಕಿನ ಊರು. ಬಿ. ಎಲ್. ರೈಸ್ ಈ ಹಳ್ಳಿಗಳ ಶಾಸನಗಳ ಪ್ರತಿ ತೆಗೆಸಿ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೆ ಇವುಗಳ ಬೆಲೆ ತಿಳಿಯಿತು.

ನೀವು ನೋಡಲು ಹೊರಟರೆ ಮಳೆಗಾಲ ಮುಗಿದು ಕೆರೆಗಳು ತುಂಬಿರುವಾಗ ಹೋಗಿ. ಮಳವಳ್ಳಿಯಿಂದ ಶುರು ಮಾಡಿ ತಾಳಗುಂದ, ಬಳ್ಳಿಗಾವೆ, ಕೊನೆಗೆ ಬಂದಳಿಕೆ ಎಂದು ಇಟ್ಟುಕೊಂಡರೆ ಕಾಲದ ಕ್ರಮ ಹೆಚ್ಚುಕಡಿಮೆ ಕೂಡಿಬರುತ್ತದೆ. ದಾರಿಯಲ್ಲಿ ಸಿಗುವ ಹಿರಿಯರನ್ನು ‘ಶಾಸನ ಎಲ್ಲಿದೆ’ ಎಂದು ಕೇಳುವ ಬದಲು ‘ನಿಮ್ಮೂರ ಕೆರೆ ಕೋಡಿ ಬಿದ್ದಿದೆಯೇ’ ಎಂದು ಕೇಳಿ. ಏರಿಯ ಮೇಲೆ ಕರೆದೊಯ್ದು ತೂಬನ್ನು ತೋರಿಸುತ್ತಾರೆ. ಅದರ ಪಕ್ಕದ ಪೊದೆಯಲ್ಲಿ ಅರ್ಧ ಹೂತ ಕಲ್ಲೊಂದಿದ್ದರೆ, ಅದನ್ನೂ.